ಆರಿ ನಡೆದ ದಾರಿ

ಮದುವೆಯ ರವಿಕೆ ಹೊಲಿದುಕೊಡುವ ಅಂಗಡಿಗಳ ಮುಂದೆ 'ಆರಿ ವರ್ಕ್' ಎಂಬ ಫಲಕ ತೂಗದ ಪೇಟೆ ಇಂದು ಕರ್ನಾಟಕದಲ್ಲಿ ಅಪರೂಪ. ಕೆಲವೆಡೆ ಇದನ್ನೇ 'ಮಗ್ಗಂ ವರ್ಕ್' ಎನ್ನುತ್ತಾರೆ. ಅಲ್ಲಿ ನೇಯ್ಗೆಯ ಮಗ್ಗವೇನೂ ಇರುವುದಿಲ್ಲ, ಬಟ್ಟೆಯನ್ನು ಬಿಗಿದು ಕಟ್ಟುವ ಮರದ ಚೌಕಟ್ಟಿಗೆ ಆ ಹೆಸರು ಅಂಟಿಕೊಂಡಿದೆ, ಅಷ್ಟೆ. ಆ ಚೌಕಟ್ಟಿನ ಮೇಲೆ ಸರಸರನೆ ಏರಿಳಿಯುವ, ಮರದ ಹಿಡಿಯುಳ್ಳ, ತುದಿಯಲ್ಲಿ ಹತ್ತಿರದಿಂದ ನೋಡಿದರೆ ಮಾತ್ರ ಕಾಣುವಷ್ಟು ಸಣ್ಣ ಕೊಕ್ಕೆಯಿರುವ ಸೂಜಿಯೇ ಆರಿ. ಜರಿ, ಮಣಿ, ರೇಷ್ಮೆಗಳ ಸಹವಾಸದಲ್ಲಿ ಇಷ್ಟೆಲ್ಲ ಮೆರೆಯುತ್ತಿರುವ ಈ ಸಾಧನವು ಮೂಲತಃ ದರ್ಜಿಯದಲ್ಲ, ಮೆಟ್ಟು ಹೊಲಿಯುವವರದು ಎಂಬ ಸಂಗತಿ ಮಾತ್ರ ಆ ಫಲಕಗಳನ್ನು ಓದುವವರಿಗೆ ಹೊಳೆಯುವಂತಿಲ್ಲ.

ಹೆಸರಿನಲ್ಲೇ ಇದರ ಸುಳಿವು ಇದೆ. ಅಮರಕೋಶವು 'ಆರಾ' ಎಂಬ ಪದಕ್ಕೆ ಚರ್ಮವನ್ನು ಭೇದಿಸುವ ಸಾಧನ ಎಂದೇ ಅರ್ಥ ಹೇಳುತ್ತದೆ. ಅದಕ್ಕೂ ಬಹಳ ಹಿಂದೆ, ಋಗ್ವೇದದ 6ನೆಯ ಮಂಡಲದಲ್ಲಿ, ದನಕರುಗಳನ್ನೂ ದಾರಿಹೋಕರನ್ನೂ ಕಾಯುವ ಪೂಷನ್ ದೇವತೆಯ ಕೈಯಲ್ಲಿರುವ ಮೊನಚು ಸಾಧನಕ್ಕೂ ಇದೇ ಹೆಸರಿದೆ. ಅಮರಸಿಂಹನು ಆರಾ ಪದವನ್ನು ಗರಗಸದ ಮಗ್ಗುಲಲ್ಲೇ ಕೂರಿಸಿರುವುದೂ, ಇಂದಿನ ಹಿಂದಿಯಲ್ಲಿ 'ಆರೀ' ಎಂದರೆ ಸಾಮಾನ್ಯವಾಗಿ ಗರಗಸವೇ ಆಗಿರುವುದೂ ಪದಗಳ ಬೆನ್ನು ಹತ್ತುವವರಿಗೆ ರುಚಿಸುವ ಸಂಗತಿಗಳು. ಪ್ರಸ್ತುತ ವಿಷಯಕ್ಕೆ ಬೇಕಾದದ್ದು ಇಷ್ಟೇ: ರೇಷ್ಮೆಯ ಮೇಲೆ ಹೂ ಬಿಡಿಸುವ ಸೂಜಿಗೆ ಇರುವುದು ತೊಗಲು ಚುಚ್ಚುವ ಮೊಳೆಯ ಹೆಸರು.

ಆ ಹೆಸರು ಏಕೆ ಉಳಿಯಿತೆಂಬುದು ಗುಜರಾತಿನ ಕಛ್ ಜಿಲ್ಲೆಯ ಉತ್ತರಕ್ಕೆ ಹರಡಿರುವ ಬನ್ನಿ ಹುಲ್ಲುಗಾವಲಿನ ಹೋಡ್ಕಾದಂಥ ಊರುಗಳಲ್ಲಿ ಕಣ್ಣೆದುರಿಗೇ ತಿಳಿಯುತ್ತದೆ. ಭೂಂಗಾ ಎಂದು ಕರೆಯುವ ದುಂಡನೆಯ ಮಣ್ಣಿನ ಮನೆಗಳ ಅಂಗಳದಲ್ಲಿ ಮೇಘವಾಳ ಸಮುದಾಯದ ಗಂಡಸರು ಚರ್ಮ ಕೊಯ್ದು, ಚುಚ್ಚಿ, ಹೊಲಿಯುತ್ತಿದ್ದರೆ, ಅದೇ ಮನೆಗಳ ಹೆಂಗಸರು ಕನ್ನಡಿ ಚೂರುಗಳನ್ನು ಬಟ್ಟೆಗೆ ದಾರದಿಂದ ಬಿಗಿಯುತ್ತಿರುತ್ತಾರೆ. ಎರಡು ಕೆಲಸಗಳ ಬಣ್ಣಗಳೂ ಬಳ್ಳಿಗಳೂ ಒಂದರಿಂದೊಂದಕ್ಕೆ ದಾಟಿರುವುದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ತೊಗಟೆಯ ಕಷಾಯದಲ್ಲಿ ನೆನೆಸಿ ಹದ ಮಾಡಿದ ತೊಗಲಿನ ಮಾಸಲು ಕೆಂಪಿನ ಮೇಲೆ ಗುಲಾಬಿ, ಹಳದಿ, ಹಸಿರು ದಾರಗಳು ಬಟ್ಟೆಯ ಮೇಲಿನದಕ್ಕಿಂತ ಹೆಚ್ಚು ಗಾಢವಾಗಿ ಕಾಣುತ್ತವೆ. ಬಟ್ಟೆಯು ಬಣ್ಣದೊಡನೆ ಸ್ಪರ್ಧಿಸುತ್ತದೆ, ಚರ್ಮವು ಹಿಂದೆ ಸರಿದು ನಿಲ್ಲುತ್ತದೆ. ಸಣ್ಣ ಉಳಿಯಿಂದ ಕೊರೆದ ಕಿಂಡಿಗಳ ಹಿಂದೆ ಬೇರೆ ಬಣ್ಣದ ಚರ್ಮವನ್ನಿಟ್ಟು, ಸುತ್ತಲೂ ಹೊಲಿಗೆ ಹಾಕಿ, ನಡುವೆ ಕನ್ನಡಿ ಕೂರಿಸಿ, ಅಂಚಿಗೆ ಕುಚ್ಚು ಕಟ್ಟಿದ ಇಲ್ಲಿನ ಚೀಲಗಳೂ ಪಾದರಕ್ಷೆಗಳೂ ಪೇಟೆಯ ಕಪಾಟಿನಲ್ಲಿ ಅತಿಯೆನಿಸಬಹುದಾದರೂ, ಬನ್ನಿಯ ಬಿಳಿಚಿದ ಬಯಲಿನಲ್ಲಿ ಹಾಗೆ ಅನಿಸುವುದಿಲ್ಲ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಕೊಕ್ಕೆಯ ಕೆಲಸವನ್ನು. ಗೋಣಿಚೀಲ ಹೊಲಿಯುವ ದಬ್ಬಳವನ್ನು ಬಲ್ಲವರಿಗೆ ಆರಿಯ ವಿಶೇಷ ಬೇಗ ಅರ್ಥವಾಗುತ್ತದೆ. ದಬ್ಬಳಕ್ಕೆ ಕಣ್ಣಿದೆ, ಅದರೊಳಗೆ ಪೋಣಿಸಿದ ದಾರವೆಲ್ಲವೂ ಪ್ರತಿ ಹೊಲಿಗೆಗೂ ರಂಧ್ರದ ಮೂಲಕ ಹಾದುಹೋಗಲೇಬೇಕು, ಆದ್ದರಿಂದ ಗಟ್ಟಿ ತೊಗಲಿಗೆ ಉಜ್ಜಿ ಉಜ್ಜಿ ರೇಷ್ಮೆಯೆಳೆಯ ಹೊಳಪು ನಾಲ್ಕಾರು ಹೊಲಿಗೆಗಳಲ್ಲೇ ಸತ್ತುಹೋಗುತ್ತದೆ. ಆರಿಗೆ ಕಣ್ಣಿಲ್ಲ. ಮೇಲಿನ ಕೈ ಅದನ್ನು ಚುಚ್ಚುತ್ತದೆ, ಮರೆಯಲ್ಲಿರುವ ಕೆಳಗಿನ ಕೈ ಕೊಕ್ಕೆಗೆ ದಾರ ಸಿಕ್ಕಿಸುತ್ತದೆ, ಹೊರಬರುವಾಗ ಕೊಕ್ಕೆಯು ಒಂದು ಸಣ್ಣ ಕುಣಿಕೆಯನ್ನು ಮೇಲಕ್ಕೆಳೆಯುತ್ತದೆ, ಆ ಕುಣಿಕೆಯೊಳಗಿನಿಂದಲೇ ಮತ್ತೆ ಚುಚ್ಚಿ ಮುಂದಿನ ಕುಣಿಕೆಯನ್ನು ತರುತ್ತದೆ. ಹೀಗೆ ಒಂದರ ಕೊರಳಲ್ಲಿ ಇನ್ನೊಂದು ಸಿಕ್ಕಿಕೊಂಡು ಸಾಗುವ ಸಾಲನ್ನೇ ಸರಪಳಿ ಹೊಲಿಗೆ ಎನ್ನುವುದು. ದಾರವು ಒಮ್ಮೆಗೆ ಒಂದು ಹೊಲಿಗೆಯಷ್ಟು ಮಾತ್ರ ಚಲಿಸುವುದರಿಂದ ಹುರಿಯಿಲ್ಲದ ಸಡಿಲ ರೇಷ್ಮೆಯೂ ಮಿನುಗುತ್ತಲೇ ಉಳಿಯುತ್ತದೆ. ಈ ಹೊಲಿಗೆಗೆ ಒಂದು ಕುಖ್ಯಾತ ದೌರ್ಬಲ್ಯವೂ ಉಂಟು: ಕೊನೆಯ ಗಂಟು ಬಿಚ್ಚಿದರೆ ಇಡೀ ಸಾಲು ಎಳೆದಂತೆ ಬಿಚ್ಚಿಕೊಂಡು ಬರುತ್ತದೆ. ದಪ್ಪ ಚರ್ಮವಾದರೋ ಪ್ರತಿ ಕುಣಿಕೆಯ ಬುಡವನ್ನೂ ಬಿಗಿಹಿಡಿದಿರುವುದರಿಂದ, ಬಟ್ಟೆಯಲ್ಲಿರುವ ಆ ಭಯ ಮೆಟ್ಟಿನಲ್ಲಿ ಅಷ್ಟಾಗಿ ಇಲ್ಲ.

ಆದರೆ ಚರ್ಮವು ತಪ್ಪನ್ನು ಮನ್ನಿಸುವುದಿಲ್ಲ. ಬಟ್ಟೆಯ ಎಳೆಗಳು ಸೂಜಿಗೆ ದಾರಿಬಿಟ್ಟು ಮತ್ತೆ ಕೂಡಿಕೊಳ್ಳುತ್ತವೆ, ತೊಗಲಿನ ತೂತು ತೂತಾಗಿಯೇ ಉಳಿಯುತ್ತದೆ. ರಂಧ್ರಗಳು ತೀರ ಒತ್ತೊತ್ತಾದರೆ ಅಂಚೆಚೀಟಿಯ ಅಂಚಿನಂತೆ ಅದು ಆ ಗೆರೆಯಲ್ಲೇ ಹರಿಯುತ್ತದೆ. ಧಾರವಾಡದ ಕಡೆಯ ಕಸೂತಿಯನ್ನು ಬಲ್ಲ ಕನ್ನಡಿಗರು ಇಲ್ಲಿ ಇನ್ನೊಂದು ವ್ಯತ್ಯಾಸವನ್ನೂ ನೋಡಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ಆ ಹೊಲಿಗೆಗಳು ಸೀರೆಯ ಎಳೆಗಳನ್ನೆಣಿಸಿ ಹಾಕುವಂಥವು, ಹಾಸುಹೊಕ್ಕುಗಳ ಲೆಕ್ಕವೇ ಅವುಗಳ ಅಡಿಪಾಯ. ಚರ್ಮಕ್ಕೆ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಎಣಿಸುವುದಕ್ಕೆ ಏನೂ ಇಲ್ಲದ ಮೇಲೆ ಗೆರೆಯು ಎತ್ತ ಬೇಕಾದರೂ ಬಾಗಬಹುದು. ಆರಿ ಕೆಲಸದಲ್ಲಿ ಬಳ್ಳಿ, ನವಿಲು, ಗಿಳಿ, ಗೊಂಬೆಗಳು ಅಷ್ಟು ಸಲೀಸಾಗಿ ಬಳುಕುವುದಕ್ಕೆ ಈ ಸ್ವಾತಂತ್ರ್ಯವೂ ಒಂದು ಕಾರಣವೆಂದು ತೋರುತ್ತದೆ.

ರಾಜಸ್ಥಾನದ ಜುತ್ತಿ ಅಥವಾ ಮೋಜಡಿಗಳಲ್ಲಿ ಕೆಲಸದ ಹಂಚಿಕೆ ಬೇರೆ; ಅಲ್ಲಿ ಗಂಡಸರು ಹದಮಾಡಿ ಕತ್ತರಿಸಿದ ಮೇಲ್ಚರ್ಮಕ್ಕೆ ಹಲವೆಡೆ ಹೆಂಗಸರೇ ಬಣ್ಣದ ಹೂ ತುಂಬುತ್ತಾರೆ, ಆಮೇಲೆ ಅದು ಅಟ್ಟೆಗೆ ಸೇರುತ್ತದೆ. ಈ ಮೆಟ್ಟುಗಳಿಗೆ ಎಡ ಬಲ ಎಂಬ ಭೇದವಿಲ್ಲ, ಎರಡೂ ನೆಟ್ಟಗಿರುತ್ತವೆ. ಯಾವುದು ಯಾವ ಕಾಲಿನದೆಂಬುದನ್ನು ತೊಟ್ಟವರ ಪಾದವೇ ಕ್ರಮೇಣ ತೀರ್ಮಾನಿಸುತ್ತದೆ. ನಮ್ಮ ಅಥಣಿ, ನಿಪ್ಪಾಣಿಗಳಲ್ಲಿ ತಯಾರಾಗುವ, 2019ರಲ್ಲಿ ಕರ್ನಾಟಕ ಮಹಾರಾಷ್ಟ್ರಗಳೆರಡಕ್ಕೂ ಭೌಗೋಳಿಕ ಗುರುತು ದೊರೆತ ಕೊಲ್ಹಾಪುರಿ ಚಪ್ಪಲಿಯು ಇದಕ್ಕೆ ತೀರ ಭಿನ್ನವಾದ ಅಭಿರುಚಿಯದು. ಅದರ ಅಲಂಕಾರವೆಲ್ಲ ಚರ್ಮದ್ದೇ ಹೆಣಿಗೆ, ಚರ್ಮದ್ದೇ ಗೊಂಡೆ. ಬಣ್ಣದ ರೇಷ್ಮೆಯ ಹಂಗು ಅದಕ್ಕಿಲ್ಲ.

ಚರ್ಮದಿಂದ ರೇಷ್ಮೆಗೆ ಆರಿ ದಾಟಿದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 13ನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಗುಜರಾತನ್ನು ವರ್ಣಿಸುವಾಗ, ಕೆಂಪು ನೀಲಿ ಚರ್ಮದ ಹಾಸುಗಳ ಮೇಲೆ ಹಕ್ಕಿ, ಮೃಗಗಳನ್ನು ಚಿನ್ನ ಬೆಳ್ಳಿಯ ಎಳೆಗಳಿಂದ ಬಿಡಿಸುವುದನ್ನು ಮೆಚ್ಚಿ ಬರೆದಿದ್ದಾನೆ. 17ನೆಯ ಶತಮಾನದ ಹೊತ್ತಿಗೆ ಗುಜರಾತಿನ ಸರಪಳಿ ಹೊಲಿಗೆಯ ಹಾಸುಹೊದಿಕೆಗಳು ಯುರೋಪಿನ ಹಡಗುಗಳನ್ನೇರುತ್ತಿದ್ದವು. ಭುಜ್ ಪಟ್ಟಣದಲ್ಲಿ ಮೋಚಿಗಳು, ಅಂದರೆ ಪಾದರಕ್ಷೆ ಹೊಲಿಯುವ ಕುಲಕಸುಬಿನವರು, ಸಿಂಧ್ ಕಡೆಯಿಂದ ಬಂದ ಮುಸ್ಲಿಂ ಕುಶಲಕರ್ಮಿಯೊಬ್ಬನಿಂದ ಈ ವಿದ್ಯೆ ಕಲಿತರೆಂಬ ಐತಿಹ್ಯವಿದೆ. ಕಛ್‌ನ ಅರಮನೆಯ ಆಶ್ರಯದಲ್ಲಿ ಅವರು ಸ್ಯಾಟಿನ್ ರೇಷ್ಮೆಯ ಮೇಲೆ ಬೆಳೆಸಿದ ಕಲೆಗೆ 'ಮೋಚಿ ಭರತ್' ಎಂದೇ ಹೆಸರು. ಭರತ್ ಎಂದರೆ ಗುಜರಾತಿಯಲ್ಲಿ ತುಂಬುವಿಕೆ, ಕಸೂತಿ. ಕಸುಬಿನವರ ಹೆಸರನ್ನು ಮರೆಮಾಡದೆ ಉಳಿಸಿಕೊಂಡ ಈ ಮಾತು, 'ಆರಿ ವರ್ಕ್' ಎಂಬುದಕ್ಕಿಂತ ಪ್ರಾಮಾಣಿಕವಾದುದು.

ಇನ್ನು ಯುರೋಪಿನ ಅಧ್ಯಾಯ. 1760ರ ಆಸುಪಾಸಿನಲ್ಲಿ ಫ್ರಾನ್ಸಿನ ಸಿರಿವಂತ ಮಹಿಳೆಯರಿಗೆ ಕೊಕ್ಕೆಸೂಜಿಯ ಹುಚ್ಚು ಹಿಡಿಯಿತು. ದಮ್ಮಡಿಯಂತೆ ಬಿಗಿದ ದುಂಡು ಚೌಕಟ್ಟಿನ ಮೇಲೆ ಮಾಡುವುದರಿಂದ ಅದನ್ನು 'ತಾಂಬೂರ್', ಅಂದರೆ ಡೋಲು, ಎಂದು ಕರೆದರು. ಅರಸನ ಕಸೂತಿ ವಿನ್ಯಾಸಕಾರನಾಗಿದ್ದ ಸೇಂಟ್ ಓಬಾಂ 1770ರ ತನ್ನ ಕಸೂತಿ ಗ್ರಂಥದಲ್ಲಿ ಅದಕ್ಕೆ ಜಾಗ ಕೊಟ್ಟನು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ದ್ರೂಯೆ ಎಂಬ ಕಲಾವಿದನ 1763–64ರ ಚಿತ್ರದಲ್ಲಿ 15ನೆಯ ಲೂಯಿಯ ಆಪ್ತಳಾದ ಮದಾಮ್ ದ ಪಾಂಪದೂರ್ ತಾಂಬೂರ್ ಚೌಕಟ್ಟಿನ ಮುಂದೆಯೇ ಕುಳಿತಿದ್ದಾಳೆ. ಭಾರತದಲ್ಲಿ ಮುಟ್ಟಲು ಹೇಸುತ್ತಿದ್ದ ಕೈಗಳ ಉಪಕರಣವು ವರ್ಸೈ ಅರಮನೆಯಲ್ಲಿ ಬೆಡಗಿನ ಹವ್ಯಾಸವಾದದ್ದನ್ನು ಎಷ್ಟು ಬಣ್ಣಿಸಿದರೂ ಸಾಲದು. ಮುಂದೆ ಬಾರ್ತೆಲೆಮಿ ತಿಮೊನಿಯೆ ಎಂಬ ಫ್ರೆಂಚ್ ದರ್ಜಿಯು ಇದೇ ಕೊಕ್ಕೆಯ ಚಲನೆಯನ್ನು ಮರದ ಯಂತ್ರಕ್ಕಿಳಿಸಿ 1830ರಲ್ಲಿ ಹಕ್ಕುಪತ್ರ ಪಡೆದನು. ಪ್ಯಾರಿಸ್ಸಿನಲ್ಲಿ ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ಅವನ ಸುಮಾರು 80 ಯಂತ್ರಗಳನ್ನು, ಅನ್ನ ಕಳೆದುಕೊಳ್ಳುವ ಭೀತಿಯಿಂದ ದರ್ಜಿಗಳ ಗುಂಪು 1831ರಲ್ಲಿ ಪುಡಿಮಾಡಿತು. ಜಗತ್ತಿನ ಹೊಲಿಗೆ ಯಂತ್ರಕ್ಕೆ ಮೋಚಿಯೇ ಮೂಲಪುರುಷ ಎಂದು ಹೇಳಿಬಿಡುವ ಆಸೆ ಇಲ್ಲಿ ಯಾರಿಗಾದರೂ ಆದೀತು. ಆದರೆ ಸರಪಳಿ ಹೊಲಿಗೆಯು ಕ್ರಿಸ್ತಪೂರ್ವ ಕಾಲದ ಚೀನೀ ಸಮಾಧಿಗಳ ರೇಷ್ಮೆಯಲ್ಲೇ ದೊರೆತಿದೆ, ಕೊಕ್ಕೆಯು ಯುರೋಪಿಗೆ ತುರ್ಕಿಯಿಂದಲೋ ಚೀನಾದಿಂದಲೋ ಬಂತೆಂದು ವಾದಿಸುವವರೂ ಇದ್ದಾರೆ. ಇಂಥ ವಂಶಾವಳಿಗಳನ್ನು ಹೆಮ್ಮೆಗೆ ಬೇಕಾದಷ್ಟೇ ನಂಬುವುದು ಕ್ಷೇಮ.

1948ರಲ್ಲಿ ಕಛ್ ಸಂಸ್ಥಾನವು ಭಾರತ ಸರ್ಕಾರದ ಆಡಳಿತಕ್ಕೆ ಸೇರಿದ ಮೇಲೆ ಅರಮನೆಯ ಆಶ್ರಯ ತಪ್ಪಿದ ಮೋಚಿ ಭರತ್ ಕ್ಷೀಣಿಸಿತು. ಹಳ್ಳಿಗಳ ಚರ್ಮದ ಕೆಲಸಕ್ಕೆ ಅರಮನೆ ಬೇಕಿರಲಿಲ್ಲ, ಒಂಟೆ, ಕುದುರೆ, ಮನುಷ್ಯರ ಪಾದಗಳು ಇದ್ದರೆ ಸಾಕಿತ್ತು. ಈಗ ಒಂಟೆಯ ಜೀನಿನ ಬದಲು ರಣ್ ಎಂಬ ಉಪ್ಪಿನ ಬಯಲನ್ನು ನೋಡಲು ಬಂದ ಪ್ರವಾಸಿಗರಿಗೆ ಮೊಬೈಲ್ ಚೀಲ, ಬೀಗದ ಕೈಯ ಗೊಂಚಲು, ಕೈಗನ್ನಡಿಯ ಚೌಕಟ್ಟು ತಯಾರಾಗುತ್ತವೆ. ಹೊಲಿಗೆಯ ಮೇಲ್ಮೈ ಎಷ್ಟು ಬೆಡಗಿನದಾದರೂ ಅದರ ಹಿಂಬದಿಯಲ್ಲಿ ದಾರದ ತುದಿಗಳೂ ಗಂಟುಗಳೂ ಒರಟಾಗಿಯೇ ಉಳಿಯುವುದರಿಂದ, ಮೋಜಡಿಯಲ್ಲಿ ಅವನ್ನು ತೆಳುಚರ್ಮದ ಅಸ್ತರಿನಿಂದಲೂ, ಮದುಮಗಳ ರವಿಕೆಯಲ್ಲಿ ಹತ್ತಿಯ ಅಸ್ತರಿನಿಂದಲೂ ಮುಚ್ಚುತ್ತಾರೆ, ಕಾಲಿಗಾಗಲಿ ತೋಳಿಗಾಗಲಿ ಚುಚ್ಚದಿರಲೆಂದು.