ಪದ ಉಳಿದಿದೆ, ಧಾಟಿ ಯಾವುದು?

ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ದೋಣಿಯೇರಿ ತುಂಗಭದ್ರೆಯ ನಡುಗಡ್ಡೆಗೆ ಹೋದರೆ ನವವೃಂದಾವನ. 1539ರಲ್ಲಿ ಕಾಲವಾದ ವ್ಯಾಸರಾಯರ ವೃಂದಾವನ ಇರುವುದು ಇಲ್ಲಿಯೇ. ಅವರ ಶಿಷ್ಯ ಪುರಂದರದಾಸರ ಹೆಸರಿನ ಮಂಟಪ ಹೊಳೆಯ ಆಚೆ ದಡದ ಹಂಪಿಯಲ್ಲಿದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಭಜನೆಗಳಲ್ಲಿ ದಾಸರ ಪದಗಳು ಇಂದಿಗೂ ಕೇಳಿಬರುತ್ತವೆ. ಆದರೆ ದಾಸರು ಹಾಡಿದ ಧಾಟಿಯಲ್ಲಿಯೇ ಹಾಡಬೇಕೆಂದು ಹೊರಟ ಗಾಯಕನ ಪಾಡು ಕಷ್ಟ.

ಹಳೆಯ ಪ್ರತಿಗಳಲ್ಲಿ ಪದದ ಮೇಲೆ ರಾಗ, ತಾಳಗಳ ಹೆಸರಿರುತ್ತದೆ, ಸ್ವರ ಬರೆದಿರುವುದಿಲ್ಲ. ರಾಗ ಗೊತ್ತಾದರೆ ಸಾಲದೆ ಎಂದು ಕೇಳಬಹುದು. ಸಾಲದು. ಎಷ್ಟೋ ಪದಗಳಿಗೆ ‘ಮುಖಾರಿ’ ಎಂದಿದೆ. ದಾಸರ ಜೀವಿತಕಾಲದಲ್ಲಿಯೇ, 1550ರಲ್ಲಿ, ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಬರೆದ. ಅವನ ಮುಖಾರಿ ಶುದ್ಧ ಸ್ವರಗಳ ಮೇಳ. ಈಗಿನ ಲೆಕ್ಕದಲ್ಲಿ ಕನಕಾಂಗಿ. ಇಂದಿನ ಮುಖಾರಿಯಾದರೋ ಖರಹರಪ್ರಿಯದ ಮಗು. ಹೆಸರು ಅದೇ, ಸ್ವರಗಳು ಬೇರೆ! ಇದಕ್ಕೆ ವಿರುದ್ಧವಾಗಿ, ಮಕ್ಕಳಿಗೆ ಸರಳೆ ಕಲಿಸಲು ದಾಸರೇ ಆರಿಸಿದರೆಂದು ಸಂಪ್ರದಾಯ ಹೇಳುವ ಮಾಳವಗೌಳ, ಮಾಯಾಮಾಳವಗೌಳ ಎಂಬ ಹೆಸರಿನಲ್ಲಿ, ಅದೇ ಸ್ವರಗಳೊಡನೆ ಉಳಿದುಬಂದಿದೆ.

ಸ್ವರ ಗೊತ್ತಾದರೂ ಗಮಕ? ಶ್ರುತಿ ಎಷ್ಟು ಎತ್ತರ? ರಾಮಾಮಾತ್ಯ ವೀಣೆಯ ಮೆಟ್ಟಿಲುಗಳನ್ನು ಕೂರಿಸುವ ಬಗೆಯನ್ನು ವಿವರಿಸಿದ್ದಾನೆ. ದಾಸರ ಕಂಠ ಹೇಗೆ ಹೊರಳುತ್ತಿತ್ತೆಂಬುದು ಅದರಿಂದ ತಿಳಿಯದು. ಯುರೋಪಿನಲ್ಲಿ ಹದಿನೆಂಟನೆಯ ಶತಮಾನದ ಮರದ ಕೊಳಲು ನುಡಿಸುವವರಿಗೂ ಇಂಥ ತೊಡಕುಗಳಿವೆ. ಆಗ ಊರಿಗೊಂದು ಶ್ರುತಿ. ಎಷ್ಟೋ ಅಲಂಕಾರಗಳನ್ನು ಬರೆಯದೆ ವಾದಕನಿಗೇ ಬಿಡುತ್ತಿದ್ದರು. ಆದರೂ ಅವರ ಕೈಯಲ್ಲಿ ಹಳೆಯ ಕೊಳಲುಗಳಿವೆ, ಬರೆದ ಸ್ವರಗಳಿವೆ, 1752ರಲ್ಲಿ ಕ್ವಾಂಟ್ಸ್ ಬರೆದ ದೊಡ್ಡ ಕೈಪಿಡಿಯಿದೆ. ನಮ್ಮ ದಾಸರ ತಂಬೂರಿ ಸಿಕ್ಕಿದರೂ ಅದು ಹೇಳುವುದು ಷಡ್ಜ, ಪಂಚಮಗಳನ್ನಷ್ಟೇ.

ಬಾಯಿಂದ ಬಾಯಿಗೆ ಬಂದದ್ದನ್ನು ನಂಬಬಹುದಲ್ಲ ಎಂದರೆ, ಬಾಯಿಯೂ ಸುಮ್ಮನಿರುವುದಿಲ್ಲ. ಈ ಭಾಗದಲ್ಲಿ ಹಿಂದೂಸ್ತಾನಿಯದೇ ಮೇಲುಗೈ. ಪಕ್ಕದ ಗದಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ದಾಸವಾಣಿ ಕೇಳಿ ಬೆಳೆದವರಿಗೆ ಬೆಂಗಳೂರಿನ ಕಚೇರಿಯ ಧಾಟಿ ಪರಕೀಯವೆನಿಸಿದರೆ ಆಶ್ಚರ್ಯವಿಲ್ಲ. ಎರಡೂ ಇತ್ತೀಚಿನವೇ ಇರಬಹುದು. ಅಂಥವರ ಮುಂದೆ ರಾಮಾಮಾತ್ಯನ ಮುಖಾರಿಯಲ್ಲಿ ಪದ ಎತ್ತಿಕೊಂಡರೆ, ತಮ್ಮ ಮನೆಯ ಹಾಡೇ ಅವರಿಗೆ ಗುರುತು ಸಿಗಲಿಕ್ಕಿಲ್ಲ. ಗಾಯಕ ಯಾರ ಮಾತು ಕೇಳಬೇಕು, ಗ್ರಂಥದ್ದೋ, ಮುಂದೆ ಕುಳಿತು ದನಿಗೂಡಿಸುವವರದ್ದೋ?