ಜರ್ಬೆರಾ ಸೊರಗಿದರೆ ಬೇರು ನೋಡಿ

ಪಾಲಿಹೌಸಿನ ಜರ್ಬೆರಾ ಎಲೆ ಹಳದಿಯಾಗಿ, ಹೂದಂಡು ಗಿಡ್ಡವಾಗಿ, ಹೂವು ಸಣ್ಣದಾಯಿತೆಂದರೆ ಬೆಳೆಗಾರರ ಬಾಯಲ್ಲಿ ಮೊದಲು ಬರುವ ಮಾತು ‘ಗೊಬ್ಬರ ಸಾಲದು’. ಹನಿ ನೀರಿನ ಜೊತೆ ಇನ್ನಷ್ಟು ಬಿಡುತ್ತಾರೆ. ಬೇರುಗಂಟು ಜಂತುಹುಳು ಹೊಕ್ಕಿದ್ದರೆ ಆ ದುಡ್ಡೆಲ್ಲ ಮಣ್ಣುಪಾಲು. ಅರ್ಧ ಮಿಲಿಮೀಟರೂ ಇಲ್ಲದ ಮರಿಹುಳು ಬೇರಿನ ತುದಿಯಿಂದ ನುಗ್ಗಿ, ನೀರು ಸಾಗಿಸುವ ನಾಳಗಳ ಪಕ್ಕದಲ್ಲಿ ನೆಲೆಯೂರುತ್ತದೆ. ಅದು ಬಿಡುವ ಜೊಲ್ಲಿಗೆ ಸುತ್ತಲಿನ ಜೀವಕೋಶಗಳು ವಿಪರೀತ ಬೆಳೆದು ಹುಳುವಿಗೆ ಉಣಿಸುತ್ತವೆ, ಬೇರು ಗಂಟುಗಟ್ಟುತ್ತದೆ. ಮಣ್ಣಿನಲ್ಲಿ ಗೊಬ್ಬರವಿದ್ದೂ ಗಿಡ ಹಸಿದೇ ಇರುತ್ತದೆ. ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುವ ಗಿಡ ಕಂಡರೆ ದಯವಿಟ್ಟು ಅದನ್ನು ಕೀಳಬೇಡಿ, ಮಣ್ಣುಸಮೇತ ಅಗೆಯಿರಿ. ಕಿತ್ತರೆ ಗಂಟಿರುವ ಎಳೆಬೇರು ಮಡಿಯಲ್ಲೇ ಉಳಿದುಬಿಡುತ್ತದೆ.

ಗಂಟು ಕಂಡ ಮೇಲೂ ಕೆಲವರು ‘ಇದು ಶೇಂಗಾ ಬೇರಿನಲ್ಲಿರುವಂಥ ಸಾರಜನಕದ ಗಂಟು, ಒಳ್ಳೆಯದೇ’ ಎಂದುಕೊಳ್ಳುತ್ತಾರೆ. ಜರ್ಬೆರಾ ಆ ಜಾತಿಯ ಗಿಡವೇ ಅಲ್ಲ. ಶೇಂಗಾದ ಗಂಟು ಬೇರಿನ ಪಕ್ಕಕ್ಕೆ ಅಂಟಿರುತ್ತದೆ, ಬೆರಳಲ್ಲಿ ಉಜ್ಜಿದರೆ ಉದುರುತ್ತದೆ. ಇಲ್ಲಿ ಬೇರೇ ಊದಿಕೊಂಡಿರುತ್ತದೆ, ಬೇರು ಹರಿಯದೆ ಗಂಟು ಬಾರದು.

‘ಮುಚ್ಚಿದ ಮನೆಯೊಳಗೆ ಹುಳು ಎಲ್ಲಿಂದ?’ ಎಂಬುದು ಇನ್ನೊಂದು ನಂಬಿಕೆ. ಮಡಿಗೆ ತುಂಬಿದ ಕೆಮ್ಮಣ್ಣಿನಲ್ಲಿ, ಸಸಿಯ ಬೇರಿನಲ್ಲಿ, ಗುದ್ದಲಿ ಚಪ್ಪಲಿಗೆ ಮೆತ್ತಿದ ಮಣ್ಣಿನಲ್ಲಿ ಬರುತ್ತದೆ. ಒಳಗೆ ಸೇರಿದ ಮೇಲೆ ಪಾಲಿಹೌಸೇ ಅದಕ್ಕೆ ಹೇಳಿ ಮಾಡಿಸಿದ ಜಾಗ: ಬೆಚ್ಚಗಿನ ಮಣ್ಣು, ಆರದ ತೇವ, ಎರಡು ಮೂರು ವರ್ಷ ಒಂದೇ ಮಡಿಯಲ್ಲಿ ನಿಲ್ಲುವ ಬೆಳೆ. ಸುಮಾರು ತಿಂಗಳಿಗೊಂದು ತಲೆಮಾರು. ಒಂದೊಂದು ಹೆಣ್ಣು ಇಡುವುದು ನೂರಾರು ಮೊಟ್ಟೆ.

ಚೆಂಡುಹೂವಿನ ಗಿಡ ಹುಳು ತಡೆಯುತ್ತದೆಂಬ ಮಾತಿನಲ್ಲಿ ಸತ್ಯವಿದೆ, ಅದರ ಬೇರಿನಲ್ಲಿ ಹುಳುವಿಗೆ ವಿಷವಾಗುವ ವಸ್ತು ಇದೆ. ಆದರೆ ಮೂಲೆಗೆ ನಾಲ್ಕು ಗಿಡ ನೆಟ್ಟರೆ ಏನೂ ಆಗದು. ಮಡಿ ತುಂಬ ಒತ್ತಾಗಿ, ತಿಂಗಳುಗಟ್ಟಲೆ ಬೆಳೆಯಬೇಕು. ಕೆಲಸ ನಡೆಯುವುದು ಜೀವಂತ ಬೇರು ಹರಡಿದಷ್ಟು ಜಾಗದಲ್ಲಿ ಮಾತ್ರ.

ದೊಡ್ಡ ನಷ್ಟ ತರುವ ನಂಬಿಕೆ ‘ಒಂದು ಸಲ ಔಷಧಿ ಹಾಕಿದರೆ ಮುಗಿಯಿತು’ ಎಂಬುದು. ಲೋಳೆಯಲ್ಲಿ ಹುದುಗಿದ ಮೊಟ್ಟೆಗೂ ಬೇರಿನೊಳಗಿನ ಹುಳುವಿಗೂ ಮಣ್ಣಿಗೆ ಹಾಕಿದ ಔಷಧಿ ಸರಿಯಾಗಿ ತಟ್ಟುವುದಿಲ್ಲ. ಗೆಲ್ಲಬೇಕಾದದ್ದು ನಾಟಿಗೆ ಮೊದಲೇ. ಏಪ್ರಿಲ್–ಮೇ ಬಿಸಿಲಿನಲ್ಲಿ ಮಡಿ ಒದ್ದೆ ಮಾಡಿ, ಪಾರದರ್ಶಕ ಪಾಲಿಥಿನ್ ಹಾಳೆ ಬಿಗಿಯಾಗಿ ಹೊದಿಸಿ 4ರಿಂದ 6 ವಾರ ಬಿಡಿ. ಕಪ್ಪು ಹಾಳೆಯಲ್ಲಿ ಮಣ್ಣು ಅಷ್ಟು ಕಾಯುವುದಿಲ್ಲ. ಬಳಿಕ ಬೇವಿನ ಹಿಂಡಿಗೆ ಪರ್ಪ್ಯೂರಿಯೊಸಿಲಿಯಮ್, ಪೊಕೋನಿಯಾದಂಥ ಶಿಲೀಂಧ್ರಗಳನ್ನು ಬೆರೆಸಿ, ನೆರಳಿನಲ್ಲಿ ತೇವವಾಗಿಟ್ಟು, ಅವು ಹಬ್ಬಿದ ಮೇಲೆ ಮಣ್ಣಿಗೆ ಸೇರಿಸಿ. ಇವು ಮೊಟ್ಟೆಗಳನ್ನೇ ತಿನ್ನುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ದಾರಿಯಲ್ಲಿ ಬಹಳ ಕೆಲಸ ಮಾಡಿದೆ. ಹಳೆ ಬೆಳೆ ತೆಗೆದಾಗ ಬೇರನ್ನು ತಿಪ್ಪೆಗೆ ಎಸೆಯದೆ ಸುಟ್ಟುಹಾಕಿ. ಅದೇ ತಿಪ್ಪೆಯ ಗೊಬ್ಬರ ಮುಂದಿನ ಮಡಿಗೆ ಬರುವುದಲ್ಲವೇ?