ಬಂದೂಕು ಪರವಾನಗಿ: ಆಯುಧಗಳ ಸಂಖ್ಯೆ, ಕಾಡತೂಸು ಹಾಗೂ ಶೂಟಿಂಗ್ ಕ್ರೀಡಾಪಟುಗಳಿಗಿರುವ ಮಿತಿ

ಕೊಪ್ಪಳ ಜಿಲ್ಲೆಯ ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗಗಳಲ್ಲಿ ಬೆಳೆ ರಕ್ಷಣೆ ಅಥವಾ ಆತ್ಮರಕ್ಷಣೆಗಾಗಿ ಬಂದೂಕು ಹೊಂದಿರುವವರು ಮತ್ತು ಶೂಟಿಂಗ್ ಕ್ರೀಡೆಯಲ್ಲಿ ತೊಡಗಲಿಚ್ಛಿಸುವವರು ಅರಿತಿರಬೇಕಾದ ಕಾನೂನಿನ ಅಂಶಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ರೈಫಲಿನ ಮ್ಯಾಗಜಿನ್‌ನಲ್ಲಿ, ಅಂದರೆ ಗುಂಡುಗಳನ್ನು ಜೋಡಿಸಿಡುವ ಪೆಟ್ಟಿಗೆಯಲ್ಲಿ, ಎಷ್ಟು ಗುಂಡುಗಳಿರಬಹುದು ಎಂಬುದು ಕೆಲವು ದೇಶಗಳಲ್ಲಿ ಕಾನೂನಿನ ಮುಖ್ಯ ಪ್ರಶ್ನೆಯಾಗಿದೆ. ಉದಾಹರಣೆಗೆ, ಕೆನಡಾ ದೇಶದಲ್ಲಿ ಅರೆ-ಸ್ವಯಂಚಾಲಿತ ಸೆಂಟರ್‌ಫೈರ್ ರೈಫಲುಗಳಿಗೆ ಸಾಮಾನ್ಯವಾಗಿ 5 ಗುಂಡುಗಳ ಮಿತಿ ಇದೆ. ನಮ್ಮ ದೇಶದ ಆಯುಧಗಳ ಅಧಿನಿಯಮ, 1959 ಮತ್ತು ಅದರಡಿ ರಚಿತವಾದ ಆಯುಧಗಳ ನಿಯಮಗಳು, 2016 ಪ್ರಧಾನವಾಗಿ ನೋಡುವುದು ಬೇರೆ ಸಂಗತಿಗಳನ್ನು: ಬಂದೂಕು ಸ್ವಯಂಚಾಲಿತವೇ, ಅದರ ನಳಿಗೆಯ ವ್ಯಾಸವೆಷ್ಟು, ಒಬ್ಬ ವ್ಯಕ್ತಿಯ ಬಳಿ ಎಷ್ಟು ಬಂದೂಕುಗಳಿವೆ, ಹಾಗೂ ಆತ ವರ್ಷಕ್ಕೆ ಎಷ್ಟು ಕಾಡತೂಸುಗಳನ್ನು ಖರೀದಿಸಬಹುದು. ಸ್ವಯಂಚಾಲಿತ ಆಯುಧಗಳು ಹಾಗೂ ಸೇನೆ ಮತ್ತು ಪೊಲೀಸರು ಬಳಸುವ 7.62 ಮಿ.ಮೀ. ಮುಂತಾದ ವ್ಯಾಸದವು ನಿರ್ಬಂಧಿತ ವರ್ಗಗಳಿಗೆ ಸೇರುತ್ತವೆ. ಮ್ಯಾಗಜಿನ್ ಚಿಕ್ಕದಿದೆ ಎಂಬ ಕಾರಣಕ್ಕೆ ಅಂತಹ ಆಯುಧ ಸಾಮಾನ್ಯ ಪರವಾನಗಿಯ ವ್ಯಾಪ್ತಿಗೆ ಬರುವುದಿಲ್ಲ.

ಒಲಿಂಪಿಕ್ ಮಾದರಿಯ ರೈಫಲ್ ಸ್ಪರ್ಧೆಗಳಲ್ಲಂತೂ ಮ್ಯಾಗಜಿನ್ ವಿಚಾರವೇ ಉದ್ಭವಿಸುವುದಿಲ್ಲವೆನ್ನಬಹುದು. 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ಪ್ರತಿ ಹೊಡೆತಕ್ಕೂ ಒಂದೊಂದೇ ಗುಂಡನ್ನು ಕೈಯಿಂದ ತುಂಬಬೇಕು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕರ್ನಾಟಕದ ಪ್ರಕಾಶ್ ನಂಜಪ್ಪ ಅವರು ಬೆಳ್ಳಿ ಪದಕ ಗಳಿಸಿದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅದರ ಗುಂಡು 4.5 ಮಿ.ಮೀ. ವ್ಯಾಸದ ಸೀಸದ ತುಣುಕು. ಇದೇ ವ್ಯಾಸದ, 20 ಜೌಲ್ ಶಕ್ತಿಯನ್ನು ಮೀರದ ಏರ್‌ಗನ್‌ಗೆ ಪರವಾನಗಿಯ ಅಗತ್ಯವಿರುವುದಿಲ್ಲ. ಆದುದರಿಂದ ಗ್ರಾಮೀಣ ಭಾಗದ ಯುವಕ ಯುವತಿಯರು ಈ ಕ್ರೀಡೆಯನ್ನು ಏರ್ ರೈಫಲಿನಿಂದ ಆರಂಭಿಸುವುದು ಸೂಕ್ತ.

ಎರಡು ಬಂದೂಕುಗಳ ಮಿತಿ

2019ರ ತಿದ್ದುಪಡಿ ಅಧಿನಿಯಮದ ಪ್ರಕಾರ ಒಬ್ಬ ವ್ಯಕ್ತಿಯು ಗರಿಷ್ಠ ಎರಡು ಬಂದೂಕುಗಳನ್ನು ಮಾತ್ರ ಹೊಂದಬಹುದು. ಅದಕ್ಕೂ ಮೊದಲು ಈ ಸಂಖ್ಯೆ ಮೂರು ಆಗಿತ್ತು. ಹೆಚ್ಚುವರಿ ಬಂದೂಕನ್ನು ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲಿ ಠೇವಣಿ ಇಡಲು ನೀಡಿದ್ದ ಒಂದು ವರ್ಷದ ಕಾಲಾವಕಾಶವು 2020ರ ಡಿಸೆಂಬರ್‌ನಲ್ಲಿ ಮುಗಿದಿದೆ. ಇದೇ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ.

ಕ್ರೀಡಾಪಟುಗಳಿಗೆ ಈ ಮಿತಿಯಲ್ಲಿ ಸಡಿಲಿಕೆ ಇದೆ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ವ್ಯಾಸದ ರೈಫಲಿಗೆ ಹಾಗೂ ಏರ್ ರೈಫಲಿಗೆ ಎರಡರ ಮಿತಿ ಅನ್ವಯಿಸದು. ಇದಲ್ಲದೆ, ಕೇಂದ್ರ ಗೃಹ ಸಚಿವಾಲಯದ 2020ರ ಫೆಬ್ರವರಿಯ ಅಧಿಸೂಚನೆಯಂತೆ ಖ್ಯಾತ ಶೂಟರ್ ಎಂದು ಪರಿಗಣಿತರಾದವರು ಒಂದು ಸ್ಪರ್ಧಾ ವಿಭಾಗದಲ್ಲಿ ಅರ್ಹರಾಗಿದ್ದಲ್ಲಿ 8, ಎರಡರಲ್ಲಿ 10, ಎರಡಕ್ಕಿಂತ ಹೆಚ್ಚಿನ ವಿಭಾಗಗಳಲ್ಲಿ 12 ಆಯುಧಗಳನ್ನು ಸಾಮಾನ್ಯ ನಾಗರಿಕರಿಗಿರುವ ಎರಡರ ಜೊತೆಗೆ ಹೊಂದಬಹುದು. ಕಿರಿಯ ಹಾಗೂ ಉದಯೋನ್ಮುಖ ಶೂಟರ್‌ಗಳಿಗೆ ಈ ಹೆಚ್ಚುವರಿ ಸಂಖ್ಯೆ 2. ಅಭ್ಯಾಸಕ್ಕಾಗಿ ಖರೀದಿಸಬಹುದಾದ .22 ಕಾಡತೂಸುಗಳ ಮಿತಿಯನ್ನು 1,000ದಿಂದ 5,000ಕ್ಕೂ, ಶಾಟ್‌ಗನ್ ಕಾಡತೂಸುಗಳ ಮಿತಿಯನ್ನು 500ರಿಂದ 5,000ಕ್ಕೂ ಹೆಚ್ಚಿಸಲಾಯಿತು. ಒಂದು ದಿನದ ಅಭ್ಯಾಸದಲ್ಲೇ ನೂರಾರು ಗುಂಡುಗಳು ವ್ಯಯವಾಗುವ ಕ್ರೀಡೆಯಲ್ಲಿ ಹಳೆಯ ಮಿತಿಯು ಅಭ್ಯಾಸಕ್ಕೇ ಅಡ್ಡಿಯಾಗಿತ್ತೆಂಬುದನ್ನು ಒಪ್ಪಬೇಕು. ಆದರೆ ಈ ಸವಲತ್ತು ಕ್ಲಬ್ಬಿನ ಸದಸ್ಯತ್ವ ಚೀಟಿ ಪಡೆದ ಮಾತ್ರಕ್ಕೆ ದೊರೆಯುವಂಥದಲ್ಲ. ಸ್ಪರ್ಧೆಯಲ್ಲಿ ಭಾಗವಹಿಸಿ ಅರ್ಹತೆ ಗಳಿಸಿರಬೇಕು.

ನಮ್ಮ ರಾಜ್ಯದಲ್ಲಿ ಕೊಡಗಿನ ಸ್ಥಿತಿ ಭಿನ್ನವಾಗಿದೆ. ಅಲ್ಲಿನ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದ್ದು, ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ರಾಜ್ಯ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಈ ವಿನಾಯಿತಿಯನ್ನು ಕೊಪ್ಪಳ ಜಿಲ್ಲೆಯ ಯಾರೂ ತಮಗೆ ಅನ್ವಯಿಸಿಕೊಳ್ಳಲಾಗದು.

ಬೆಳೆ ರಕ್ಷಣೆಯ ಬಂದೂಕು

ಈ ಭಾಗದ ರೈತರಿಗೆ ಹೆಚ್ಚು ಸಂಬಂಧಿಸಿದ್ದು ಅಧಿನಿಯಮದ 13ನೇ ಪ್ರಕರಣ. ನಳಿಗೆಯ ಉದ್ದ 20 ಅಂಗುಲಕ್ಕೆ ಕಡಿಮೆಯಿಲ್ಲದ ಸಾದಾ ನಳಿಗೆಯ ಬಂದೂಕನ್ನು ರಕ್ಷಣೆ ಅಥವಾ ಕ್ರೀಡೆಗಾಗಿ ಕೋರಿದಲ್ಲಿ ಹಾಗೂ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕು ಸಾಕೆನಿಸಿದಲ್ಲಿ, ಇತರ ಆಯುಧಗಳಿಗಿಂತ ಸರಳವಾಗಿ ಪರವಾನಗಿ ದೊರೆಯಲು ಇದು ಅವಕಾಶ ನೀಡುತ್ತದೆ. ಹಾಗೆಂದು ಪರವಾನಗಿಯು ಬೇಟೆಗೆ ಅನುಮತಿಯಲ್ಲ. ಕರಡಿ, ಕಾಡುಹಂದಿ ಎರಡೂ ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ರಕ್ಷಣೆ ಪಡೆದ ಪ್ರಾಣಿಗಳು. ಹಂದಿ ಮೆಕ್ಕೆಜೋಳದ ಹೊಲವನ್ನು ಒಂದೇ ರಾತ್ರಿಯಲ್ಲಿ ನೆಲಸಮ ಮಾಡಿದ್ದರೂ, ಅರಣ್ಯ ಇಲಾಖೆಯ ಅಧಿಕೃತ ಅನುಮತಿಯಿಲ್ಲದೆ ಅದನ್ನು ಕೊಲ್ಲುವುದು ಅಪರಾಧ. ಬಂದೂಕಿನ ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವುದೂ ನಿಷಿದ್ಧ.

ಮದುವೆ, ಮೆರವಣಿಗೆ ಹಾಗೂ ಜಾತ್ರೆಗಳಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ಒಡ್ಡಿದಲ್ಲಿ, ಎರಡು ವರ್ಷಗಳವರೆಗೆ ಕಾರಾವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು 2019ರ ತಿದ್ದುಪಡಿಯಲ್ಲಿ ಅವಕಾಶ ಕಲ್ಪಿಸಲಾಗಿದೆ. ಹುಲಿಗಿಯ ಶ್ರೀ ಹುಲಿಗೆಮ್ಮ ದೇವಿಯ ಸನ್ನಿಧಿಯಂತಹ, ಹುಣ್ಣಿಮೆ ಹಾಗೂ ಜಾತ್ರೆಯ ದಿನಗಳಲ್ಲಿ ಭಕ್ತಾದಿಗಳು ಕಿಕ್ಕಿರಿದು ಸೇರುವ ಸ್ಥಳಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಗಾಳಿಯಲ್ಲಿ ಹಾರಿಸಿದ ಗುಂಡು ಎಲ್ಲಿಯೋ ಒಂದು ಕಡೆ ಕೆಳಗೆ ಬಂದೇ ಬರುತ್ತದೆ.

ತಂದೆ, ತಾತನ ಕಾಲದ ಬಂದೂಕು

ಅತ್ಯಂತ ಹೆಚ್ಚು ತೊಡಕು ಉಂಟಾಗುವುದು ಇಲ್ಲಿಯೇ. ಪರವಾನಗಿದಾರರು ಮರಣ ಹೊಂದಿದ ನಂತರ ಬಂದೂಕು ಮನೆಯ ಅಟ್ಟದ ಮೇಲೆಯೋ ಗೋಡೆಯ ಗೂಟದಲ್ಲಿಯೋ ಹಾಗೆಯೇ ಉಳಿಯುತ್ತದೆ. ಪರವಾನಗಿಯು ವ್ಯಕ್ತಿಯ ಹೆಸರಿನಲ್ಲಿರುವುದೇ ಹೊರತು ಕುಟುಂಬದ ಹೆಸರಿನಲ್ಲಲ್ಲ. ಪರವಾನಗಿಯಿಲ್ಲದೆ ಬಂದೂಕು ಹೊಂದಿದ್ದಕ್ಕೆ ಈಗ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಕಾರಾವಾಸ ಮತ್ತು ದಂಡವಿದೆ. ಆದುದರಿಂದ ವಾರಸುದಾರರು ವಿಳಂಬ ಮಾಡದೆ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯತಕ್ಕದ್ದು. ತಮ್ಮ ಹೆಸರಿಗೆ ಬೇಕೆಂದಾದಲ್ಲಿ 21 ವರ್ಷ ತುಂಬಿದ ವಾರಸುದಾರರು ಮರಣ ಪ್ರಮಾಣ ಪತ್ರ, ಹಳೆಯ ಪರವಾನಗಿ ಪುಸ್ತಕ ಹಾಗೂ ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಸಲ್ಲಿಸಬಹುದು. ಜಿಲ್ಲೆ ರಚನೆಯಾದ 1997ಕ್ಕೂ ಮುಂಚಿನ ಪರವಾನಗಿಯಾಗಿದ್ದಲ್ಲಿ ಅದು ಅಂದಿನ ರಾಯಚೂರು ಜಿಲ್ಲೆಯಿಂದ ನೀಡಿದ್ದಾಗಿರುವುದರಿಂದ ಮೂಲ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಅವಶ್ಯಕ. ವಾರಸುದಾರರ ಬಳಿ ಈಗಾಗಲೇ ಎರಡು ಬಂದೂಕುಗಳಿದ್ದಲ್ಲಿ ಪಿತ್ರಾರ್ಜಿತವೆಂಬ ಕಾರಣಕ್ಕೆ ಮೂರನೆಯದಕ್ಕೆ ಪರವಾನಗಿ ದೊರೆಯುವುದಿಲ್ಲ. ಅಂತಹ ಸಂದರ್ಭದಲ್ಲಿ ಅರ್ಹರಾದ ಬೇರೊಬ್ಬ ವಾರಸುದಾರರು ಅರ್ಜಿ ಸಲ್ಲಿಸಬಹುದು.